ರುಮಾಲಿನಡಿಯ ಏಳು

ನಾನು ಮೆಣಸಿನಕಾಯಿ ಮಾರುವವನು, ಬಾಗಿಲಿಗೆ ಕಟ್ಟುವವನಲ್ಲ. ಬೇಗಂ ಬಜಾರಿನಲ್ಲಿ ನನ್ನ ಅಕ್ಕಪಕ್ಕದ ಅಂಗಡಿಯವರೆಲ್ಲ ಶನಿವಾರ ಬಂತೆಂದರೆ ನಿಂಬೆಹಣ್ಣಿನ ಜೊತೆ ಮೆಣಸಿನಕಾಯಿ ಪೋಣಿಸಿ ತೂಗುಹಾಕುತ್ತಾರೆ, ಅಮಾವಾಸ್ಯೆಗೆ ಕುಂಬಳಕಾಯಿ ಒಡೆಯುತ್ತಾರೆ. ನನ್ನ ಬಾಗಿಲು ಮಾತ್ರ ಬರಿದಾಗಿಯೇ ಇರುತ್ತಿತ್ತು. ದೆವ್ವ, ಶಕುನ, ಮೈಮೇಲೆ ಬರುವುದು ಎಂದು ಯಾರಾದರೂ ಶುರುಮಾಡಿದರೆ, "ನೀವು ಕಣ್ಣಾರೆ ಕಂಡೀರೇನು?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದೆ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದು. ಕಂಡದ್ದು ಕಡಿಮೆ. ಮುಟ್ಟಿದ್ದು ಮಾತ್ರ ಖರೆ.

ಇದನ್ನು ಬರೆಯುವ ಮೊದಲು ನಾನು ಎಂಥವನು ಎನ್ನುವುದು ನಿಮಗೆ ತಿಳಿದಿರಬೇಕು. ಸುರಪುರದ ಕಡೆಯ ಹಳ್ಳಿಯಿಂದ ಹದಿನಾರರ ವಯಸ್ಸಿಗೆ ಹೈದರಾಬಾದಿಗೆ ಬಂದೆ. ಮೊದಲು ಚೀಲ ಹೊತ್ತೆ, ಆಮೇಲೆ ಒಬ್ಬ ದಲಾಲರ ಕೈಕೆಳಗೆ ನಿಂತೆ, ಆಮೇಲೆ ಸ್ವಂತ ಅಂಗಡಿ ಹಾಕಿದೆ. ಯಾರೂ ಏನೂ ಕೊಟ್ಟದ್ದಲ್ಲ, ಎಲ್ಲವನ್ನೂ ಚೌಕಾಸಿ ಮಾಡಿಯೇ ಪಡೆದದ್ದು. ಚೌಕಾಸಿಯಲ್ಲಿ ನನ್ನದೊಂದು ನಿಯಮವಿದೆ, ನಿಮಗೂ ಉಪಯೋಗಕ್ಕೆ ಬರಲಿ ಎಂದು ಹೇಳುತ್ತೇನೆ: ಎದುರಿನವನು ಎಷ್ಟೇ ಹೇಳಲಿ, ನೀವು ಅದರ ಅರ್ಧಕ್ಕಿಂತ ಕೆಳಗಿನಿಂದಲೇ ಶುರುಮಾಡಬೇಕು. ಯೋಚನೆ ಮಾಡುತ್ತ ಕೂರಬಾರದು. ಮೂವತ್ತು ವರ್ಷ ಹೀಗೆ ಮಾಡಿ ಮಾಡಿ ಅದು ನನಗೆ ಯೋಚನೆಯಾಗಿ ಉಳಿದಿಲ್ಲ, ಕೈಯ ರೂಢಿಯಾಗಿದೆ. ಈ ಕೈಯ ರೂಢಿಯೇ ಇವತ್ತು ನನ್ನನ್ನು ಕಾಡುತ್ತಿರುವುದು.

ನಾನು ದಲಾಲರ ಬಳಿ ಇದ್ದಾಗ ಸೌದಾ ಬಾಯಲ್ಲಿ ಆಗುತ್ತಿರಲಿಲ್ಲ. ಹತ್ತು ಜನ ಸುತ್ತ ನಿಂತಿರುವಾಗ ಬೆಲೆಯನ್ನು ಬಾಯಿಬಿಟ್ಟು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ! ಹಾಗಾಗಿ ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು ಮೇಲೊಂದು ರುಮಾಲು ಹೊದಿಸುತ್ತಿದ್ದರು. ಒಳಗೆ ಬೆರಳೇ ಮಾತು. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು. ಆರು ಎನ್ನಬೇಕಾದರೆ ಅಂಗೈ ಹಿಡಿದು ಬಿಟ್ಟು ಮತ್ತೆ ಒಂದು ಬೆರಳು. ಒಪ್ಪಿಗೆಯಿಲ್ಲವೆಂದರೆ ಎದುರಿನವನ ಕೈಯನ್ನು ಮೆಲ್ಲಗೆ ಹಿಂದೆ ತಳ್ಳುವುದು. ಒಪ್ಪಿದರೆ ಅವನ ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಮಾಡಿಬಿಡುವುದು. ಮುಷ್ಟಿ ಮಡಚಿದ ಮೇಲೆ ಯಾರಪ್ಪ ಬಂದರೂ ಸೌದಾ ತಿರುಗುವುದಿಲ್ಲ. ಇದರಲ್ಲಿ ಒಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಬೆರಳು ಬರೀ ಅಂಕಿ ಹೇಳುತ್ತದೆ. ಅದು ಹತ್ತೋ, ನೂರೋ, ಯಾವುದರ ಬೆಲೆಯೋ ಎಂದು ಬೆರಳು ಹೇಳುವುದಿಲ್ಲ. ಮುಂದೆ ಗೋಣಿತಟ್ಟಿನ ಮೇಲೆ ಮಾಲು ಬಿದ್ದಿರುತ್ತದೆ, ಅದನ್ನು ನೋಡಿದವನಿಗೆ ಉಳಿದದ್ದು ತಾನೇ ತಿಳಿಯುತ್ತದೆ. ಈಗ ಬಜಾರಿನಲ್ಲಿ ಎಲ್ಲ ಫೋನಿನ ಮೇಲೆ. ರುಮಾಲಿನ ಸೌದಾ ಬಲ್ಲವರು ನನ್ನ ಓಣಿಯಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು.

ನನ್ನ ಹೆಂಡತಿ ಶರಣಮ್ಮನಿಗೆ ಕಾಯಿಲೆ ಶುರುವಾದದ್ದೂ ಬೆರಳಿನಿಂದಲೇ. ಆಕೆಯ ಬೆರಳ ತುದಿಗಳು ದಪ್ಪವಾಗತೊಡಗಿದವು, ಉಗುರು ಗಿಳಿಯ ಕೊಕ್ಕಿನ ಹಾಗೆ ಬಾಗಿದವು. ಮದುವೆಯ ಉಂಗುರ ಬರಲೊಲ್ಲದೆ ಕೊನೆಗೆ ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. ಮಣಿಕಟ್ಟು, ಮೊಣಕಾಲು ನೋವು ಬೇರೆ. ವಾಯು ಎಂದರು, ಒಂದು ವರ್ಷ ಗುಳಿಗೆ ನುಂಗಿಸಿದರು. ದಿನಾ ಮಲಗುವ ಮುಂಚೆ ಆ ಬೆರಳುಗಳಿಗೆ ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು, ಒಣ ಕೆಮ್ಮು. ಕೆಮ್ಮಿಗೆ ಮಾತ್ರ ನಾವು ಡಾಕ್ಟರನ್ನೇ ಕೇಳಲಿಲ್ಲ. ನನ್ನ ಅಂಗಿಯಲ್ಲಿ ಮನೆಗೆ ಬರುವ ಮೆಣಸಿನಕಾಯಿ ಘಾಟಿಗೇ ಕೆಮ್ಮು ಎಂದುಕೊಂಡೆವು. ಆಕೆಯೂ ಬಿಡುತ್ತಿರಲಿಲ್ಲ: "ಮಂದಿ ಗಂಡಂದ್ರು ಮನೀಗಿ ಬರುವಾಗ ಮಲ್ಲಿಗಿ ತರ್ತಾರ, ನಮ್ಮೋರು ಘಾಟು ತರ್ತಾರ."

ಕುಷಾಯಿಗೂಡದಲ್ಲಿ ನನ್ನ ಮಗಳು ಸುಜಾತಾ ಶಾಲೆಯಲ್ಲಿ ಟೀಚರ್. ಆಕೆಯ ಮನೆಯ ಹತ್ತಿರದ ಸಣ್ಣ ದವಾಖಾನೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಶರಣಮ್ಮನ ಎರಡೂ ತೋರುಬೆರಳುಗಳ ಉಗುರನ್ನು ಒಂದಕ್ಕೊಂದು ತಾಗಿಸಿ ಹಿಡಿಯಲು ಹೇಳಿದರು. ನೀವೂ ಹಿಡಿದು ನೋಡಿ. ನಡುವೆ ಒಂದು ಸಣ್ಣ ಕಿಂಡಿ ಕಾಣಬೇಕು. ಆಕೆಯ ಬೆರಳುಗಳ ನಡುವೆ ಕಿಂಡಿಯಿರಲಿಲ್ಲ. ಆ ಡಾಕ್ಟರು ಗುಳಿಗೆ ಬರೆಯಲಿಲ್ಲ, ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಬಲಗಡೆ ಪುಪ್ಪುಸದ ಕೆಳಗೆ ಮೂಸಂಬಿಯಷ್ಟು ಗಡ್ಡೆ ಕೂತಿತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ತುಣುಕು ತೆಗೆದು ನೋಡಿದ್ದಾಯಿತು. ಗಡ್ಡೆ ಪುಪ್ಪುಸದ್ದಲ್ಲ, ಪುಪ್ಪುಸಕ್ಕೆ ಹೊದಿಸಿರುವ ಪೊರೆಯದು ಎಂದರು. ಬಹಳ ಅಪರೂಪದ್ದು, ಎಷ್ಟೋ ಡಾಕ್ಟರುಗಳು ತಮ್ಮ ಇಡೀ ಸರ್ವೀಸಿನಲ್ಲಿ ಒಂದೆರಡನ್ನು ನೋಡಿರುತ್ತಾರೆ ಅಷ್ಟೇ ಎಂದರು. ಹೆಚ್ಚಿನವು ಸಾಧು, ಕೆಲವು ಕೆಟ್ಟವು. ಪೂರ್ತಿ ತೆಗೆದು ನೋಡುವ ತನಕ ಇದು ಯಾವುದೆಂದು ಹೇಳಲಾಗದು. ಸಾಧುವಾದರೂ ಎಷ್ಟೋ ವರ್ಷಗಳ ಮೇಲೆ ಮರಳಿ ಬರಬಹುದು. ಸರ್ಜನ್ನರು ತೆಲುಗಿನವರು, ಕಲಬುರಗಿಯಲ್ಲಿ ಓದಿದ್ದರಿಂದ ನಮ್ಮ ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು. ಎದೆ ಸೀಳುವುದು ಬೇಡ, ಪಕ್ಕೆಲುಬುಗಳ ನಡುವೆ ಮೂರು ತೂತು ಮಾಡಿ ದುರ್ಬೀನಿನಿಂದ ತೆಗೆಯೋಣ ಎಂದರು. ನನಗೆ ಸುಮ್ಮನಿರಲು ಆಗುತ್ತದೆಯೇ?

"ಮೂರು ತೂತು ಯಾಕ್ರಿ ಡಾಕ್ಟರ್ ಸಾಹೇಬ್ರ? ಎರಡರಾಗ ಮುಗಿಸಾಕ ಬರೂದಿಲ್ಲೇನು?"

ಅವರು ಸಿಟ್ಟಾಗಲಿಲ್ಲ, ನಕ್ಕರು. "ನೋಡಾಕ ಒಂದು ಕಣ್ಣು ಬೇಕ್ರಿ ಯಜಮಾನ್ರ. ಹಿಡಿಯಾಕ ಒಂದು ಕೈ, ಕೊಯ್ಯಾಕ ಒಂದು ಕೈ. ಎಷ್ಟಾತು?"

"ಮೂಸಂಬಿಯಷ್ಟು ಗಡ್ಡಿ ಎರಡು ಬೆರಳಿನ ತೂತಿನಾಗಿಂದ ಹ್ಯಾಂಗ ಬರ್ತೈತಿ ಮತ್ತ?"

"ಒಳಗ ಒಂದು ಚೀಲ ಬಿಡ್ತೀವಿ. ಗಡ್ಡಿ ಅದರಾಗ ಹಾಕಿ, ಬಾಯಿ ಕಟ್ಟಿ, ಒಂದು ತೂತು ಸ್ವಲ್ಪ ದೊಡ್ಡದು ಮಾಡಿ ಎಳೀತೀವಿ. ಒಡದು ಒಳಗ ಚೆಲ್ಲಬಾರ್ದು ನೋಡ್ರಿ, ಅದಕ್ಕ ಚೀಲ. ದುರ್ಬೀನಿಗಿ ಬಗ್ಗಲಿಲ್ಲಂದ್ರ ಮಾತ್ರ ಪಕ್ಕಡಿ ಬಿಚ್ಚಬೇಕಾಗ್ತೈತಿ. ಅದಕ್ಕ ನೀವು ಈಗs ಸಹಿ ಮಾಡ್ಬೇಕು."

ಶರಣಮ್ಮ ನನ್ನ ಮೊಣಕೈ ಚಿವುಟಿದಳು. "ಸಾಕ್ ಸುಮ್ನಿರ್ರಿ. ಇದು ನಿಮ್ಮ ಮೆಣಸಿನಕಾಯಿ ಚೀಲ ಅಲ್ಲ, ನನ್ನ ಎದಿ."

ನೀವು ಇಂಥ ಜಾಗಕ್ಕೆ ಹೋದರೆ ನಾಚಿಕೆಪಡಬೇಡಿ, ಕೇಳಿ. ಇಂಥ ಗಡ್ಡೆ ಮೊದಲು ತೆಗೆದಿದ್ದೀರಾ, ದುರ್ಬೀನಿನಲ್ಲಿ ಆಗದಿದ್ದರೆ ಮುಂದೇನು, ತೆಗೆದದ್ದನ್ನು ಎಲ್ಲಿಗೆ ಪರೀಕ್ಷೆಗೆ ಕಳಿಸುತ್ತೀರಿ ಎಂದು ಕೇಳಿ. ಒಳ್ಳೆಯ ಡಾಕ್ಟರು ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಾನು ಕೇಳಬೇಕಾದ್ದನ್ನೆಲ್ಲ ಅವರಿಗೆ ಕೇಳಿದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಬೇರೊಬ್ಬನಿಗೆ ಕೇಳದೆ ಉಳಿದುಬಿಟ್ಟೆ.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಆಕೆಯನ್ನು ಒಳಗೆ ಕರೆದೊಯ್ದರು. ಹೆಚ್ಚೆಂದರೆ ಮೂರು ತಾಸು ಎಂದಿದ್ದರು. ನಾನೂ ಸುಜಾತಾಳೂ ಮೂರನೆಯ ಮಹಡಿಯ ವೇಟಿಂಗ್ ಹಾಲಿನಲ್ಲಿ ಕೂತೆವು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ಸುಜಾತಾ ಬಾಗಿಲಲ್ಲಿ ನಿಂತಿದ್ದ ನರ್ಸನ್ನು ತೆಲುಗಿನಲ್ಲಿ ಕೇಳಿಬಂದಳು. "ಇನ್ನಾ ನಡೀಲಾಕತ್ತೈತಂತ ಅಪ್ಪಾ, ಅಷ್ಟ ಹೇಳ್ತಾರ." ಆಕೆಯ ಮುಖ ಬಿಳಿಚಿತ್ತು. ಬೆಳಿಗ್ಗೆಯಿಂದ ಹನಿ ನೀರೂ ಕುಡಿದಿರಲಿಲ್ಲ. ಗದರಿಸಿ ಕೆಳಗೆ ಕ್ಯಾಂಟೀನಿಗೆ ಕಳಿಸಿದೆ. ಇಬ್ಬರೂ ಒಟ್ಟಿಗೆ ಹೋಗಬಾರದು ಎನ್ನುವುದು ನನ್ನ ಲೆಕ್ಕ. ಒಳಗಿನಿಂದ ಯಾವಾಗ ಕರೆಯುತ್ತಾರೋ ಹೇಳಲು ಬರುವುದಿಲ್ಲ.

ನಾನು ಕೂತದ್ದು ಒಂದು ಕಂಬದ ಪಕ್ಕದ ಕುರ್ಚಿಯಲ್ಲಿ. ತೊಡೆಯ ಮೇಲೆ ಸ್ಕ್ಯಾನುಗಳ ಬಿಳಿ ಚೀಲವಿತ್ತು. ಹಾಲಿನಲ್ಲಿ ಹತ್ತಿಪ್ಪತ್ತು ಜನ, ಟಿವಿಯಲ್ಲಿ ಏನೋ ತೆಲುಗು ಕಾರ್ಯಕ್ರಮ, ಎಸಿ ಚಳಿ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕತ್ತಲಿರಲಿಲ್ಲ, ನನಗೆ ನಿದ್ದೆ ಬಂದಿರಲಿಲ್ಲ, ಹೊಟ್ಟೆಗೆ ಬೆಳಿಗ್ಗೆಯೇ ಎರಡು ಇಡ್ಲಿ ಬಿದ್ದಿದ್ದವು. ನಡುಹಗಲು ಒಂದೂವರೆಯ ಸುಮಾರಿಗೆ ಕಂಬದ ಆಚೆಯ ಕುರ್ಚಿಯಲ್ಲಿ ಒಬ್ಬ ಮುದುಕ ಬಂದು ಕೂತ. ಧೋತರ, ಕಾಲರಿಲ್ಲದ ಅಂಗಿ, ಹೆಗಲ ಮೇಲೆ ರುಮಾಲು. ನಮ್ಮ ಕಡೆಯವನೋ, ಮಹಬೂಬ್‌ನಗರದ ಕಡೆಯವನೋ, ಹೇಳಲಾರೆ. ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ದವಾಖಾನೆಯಲ್ಲಿ ಯಾರು ಯಾರ ಮುಖ ನೋಡುತ್ತಾರೆ?

ಅವನು ಹೆಗಲ ಮೇಲಿನ ರುಮಾಲು ತೆಗೆದು, ನನ್ನ ಬಲಗೈ ಮೇಲೆ ಹಾಸಿ, ಅಡಿಯಿಂದ ನನ್ನ ಕೈ ಹಿಡಿದ.

ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಗಲಿಲ್ಲ. ಖುಷಿಯಾಯಿತು. ಎಷ್ಟೋ ವರ್ಷಗಳಾಗಿದ್ದವು ಯಾರಾದರೂ ಹಾಗೆ ಕೈ ಹಿಡಿದು. ಇವನೂ ಬಜಾರಿನ ಹಳೆಯ ತಲೆ ಇರಬೇಕು, ಇವನದೂ ಯಾರೋ ಒಳಗಿದ್ದಾರೆ, ಹೊತ್ತು ಹೋಗದೆ ತಮಾಷೆಗೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನ ಬೆರಳುಗಳ ತುದಿ ದಪ್ಪವಾಗಿದ್ದವು, ಉಗುರು ಬಾಗಿದ್ದವು. ಒಂದು ವರ್ಷ ಎಣ್ಣೆ ತಿಕ್ಕಿದ ಕೈ ನನ್ನದು, ತಕ್ಷಣ ಗುರುತಿಸಿತು. ಇವನಿಗೂ ಅದೇ ಕಾಯಿಲೆ ಎಂದು ಮನಸ್ಸಿನಲ್ಲೇ ಮರುಗಿದೆ.

ಅವನು ನನ್ನ ಅಂಗೈ ಎರಡು ಸಲ ಹಿಡಿದು ಬಿಟ್ಟ, ಆಮೇಲೆ ಒಂದು ಬೆರಳು. ಹನ್ನೊಂದು.

ನಾನು ಯೋಚಿಸಲಿಲ್ಲ. ಅರ್ಧಕ್ಕಿಂತ ಕೆಳಗೆ: ಒಂದು ಅಂಗೈ, ಐದು.

ಅವನು ತಳ್ಳಿದ. ಆಮೇಲೆ ಅಂಗೈ, ಮತ್ತೆ ನಾಲ್ಕು ಬೆರಳು. ಒಂಬತ್ತು. ನಾನು ತಳ್ಳಿ ಆರು ಎಂದೆ. ಅವನ ಕೈ ಅಲ್ಲಿಯೇ ನಿಂತಿತು. ಎಂಟಕ್ಕೆ ಬರಲು ಅವನು ಬಹಳ ಹೊತ್ತು ತೆಗೆದುಕೊಂಡ. ಇಳಿಯಲು ಮನಸ್ಸಿಲ್ಲದವನ ಕೈ ಹೇಗಿರುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ನಾನು ಬಿಡಲಿಲ್ಲ. ಅಂಗೈ, ಎರಡು ಬೆರಳು. ಏಳು. ಅಷ್ಟು ಹೊತ್ತಿನಲ್ಲಿ ಒಳಗೆ ಹೆಂಡತಿ ಇದ್ದಾಳೆ ಎನ್ನುವುದನ್ನೂ ಮರೆತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆಗ ಅವನು ಒಂದೇ ಒಂದು ಮಾತು ಆಡಿದ. "ಬಸ್?"

ಸಾಕೇ ಎಂದು ಕೇಳಿದ್ದು. ಗೆದ್ದೆ ಎನ್ನುವ ಉಬ್ಬಿನಲ್ಲಿ ನಾನೂ "ಬಸ್" ಎಂದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದ. ರುಮಾಲು ತೆಗೆದುಕೊಂಡ.

ಅದೇ ಹೊತ್ತಿಗೆ ಬಾಗಿಲಲ್ಲಿ ಶರಣಮ್ಮನ ಹೆಸರು ಕೂಗಿದರು. ಎದ್ದು ಓಡಿದೆ. ಬಾಗಿಲ ತನಕ ಹೋದಮೇಲೆ ತಿರುಗಿ ನೋಡಿದರೆ ಕುರ್ಚಿ ಖಾಲಿ. ಅದರಲ್ಲಿ ವಿಶೇಷವೇನೂ ಇಲ್ಲ, ಎದ್ದುಹೋಗಿರಬಹುದು. ನನಗೆ ಆ ಕ್ಷಣದಲ್ಲಿ ಏನೂ ಅನಿಸಲಿಲ್ಲ.

ಸರ್ಜನ್ನರು ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತ ನಿಂತಿದ್ದರು. "ಆತ್ರಿ. ಪೂರ್ತಿ ಬಂತು. ನಿಮ್ಮ ಮಾತಿನ್ಹಂಗ ಎರಡರಾಗ ಆಗಲಿಲ್ಲ, ಮೂರs ಆತು," ಎಂದು ನಗಲು ನೋಡಿದರು. ಆಮೇಲೆ ಗಂಭೀರವಾದರು. ಗಡ್ಡೆಗೆ ತೊಟ್ಟು ಇತ್ತಂತೆ, ಆ ತೊಟ್ಟಿನಲ್ಲಿ ಎಣಿಸಿದ್ದಕ್ಕಿಂತ ದಪ್ಪನೆಯ ರಕ್ತನಾಳ. ಕೊನೆಯಲ್ಲಿ ಒಂದಷ್ಟು ಹೊತ್ತು ರಕ್ತ ನಿಲ್ಲಲಿಲ್ಲ. ಪಕ್ಕೆ ಬಿಚ್ಚುವುದೇ ಸರಿ ಎಂದು ಚೂರಿ ಕೈಗೆ ತೆಗೆದುಕೊಂಡಿದ್ದರಂತೆ. "ಯಾಕೋ, ತಾನs ಬಗ್ಗಿತ್ರಿ. ನಾ ಹಿಡದಿದ್ದೆ ಅಷ್ಟ." ಯಾವಾಗ ಎಂದು ಕೇಳಿದೆ. "ಈಗ, ಹದಿನೈದು ಇಪ್ಪತ್ತು ನಿಮಿಷದ ಹಿಂದ." ನಾನು ಆಗ ಗಡಿಯಾರ ನೋಡಿರಲಿಲ್ಲ. ನೋಡಿದ್ದರೆ ಇವತ್ತು ಏನಾದರೂ ಒಂದು ಕಡೆಗೆ ಗಟ್ಟಿಯಾಗಿ ಹೇಳುತ್ತಿದ್ದೆ.

ಸಂಜೆ ನಾಲ್ಕಕ್ಕೆ ನನ್ನನ್ನೂ ಸುಜಾತಾಳನ್ನೂ ಒಳಗೆ ಬಿಟ್ಟರು. ಶರಣಮ್ಮನ ಮೂಗುಬಾಯಿಗೆ ಆಕ್ಸಿಜನ್ ಮುಖವಾಡ, ಪಕ್ಕೆಯಿಂದ ಒಂದು ನಳಿಗೆ ಕೆಳಗಿನ ಡಬ್ಬಿಗೆ ಇಳಿದಿತ್ತು. ಕಣ್ಣು ಅರ್ಧ ತೆರೆದಿದ್ದವು. ನನ್ನನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು. ಅಂಗಡಿಯಲ್ಲಿ ಹಾಳು ಮಾಲು ತಂದು ಇಳಿಸಿದಾಗ ನೋಡುವಂಥ ನೋಟ. ಮುಖವಾಡದೊಳಗಿಂದ ಹೇಳಿದಳು: "ಏಳಕ್ಕ ಯಾಕ ಒಪ್ಪಿದ್ರಿ?"

ಆಕೆ ಮತ್ತೆ ಕಣ್ಣು ಮುಚ್ಚಿದಳು.

ಹೊರಗೆ ಬಂದಮೇಲೆ ಸುಜಾತಾಳನ್ನು ಕೇಳಿದೆ, "ನಿಮ್ಮವ್ವ ಏನಂದ್ಲು?"

"ಪಾಪ, ಮನ್ಯಾಗ ಅದೀನಿ ಅಂತ ತಿಳಕೊಂಡಾಳ ಅಪ್ಪಾ," ಎಂದಳು ಸುಜಾತಾ, ಕಣ್ಣೊರೆಸಿಕೊಂಡು ನಗುತ್ತ. "'ಏಳಾಕ ಯಾಕ ಒಲ್ರಿ' ಅಂದ್ಲು. ದಿನಾ ಮುಂಜಾನೆ ನಿನ್ನ ಎಬ್ಬಸ್ತಾಳಲ್ಲ, ಹಂಗs."

ನೋಡಿ, ಎಷ್ಟು ಸಣ್ಣ ವ್ಯತ್ಯಾಸ. ಏಳಾಕ ಯಾಕ ಒಲ್ರಿ: ಹಾಸಿಗೆಯಿಂದ ಏಳಲು ಯಾಕೆ ಒಲ್ಲಿರಿ. ಏಳಕ್ಕ ಯಾಕ ಒಪ್ಪಿದ್ರಿ: ಏಳಕ್ಕೆ ಯಾಕೆ ಒಪ್ಪಿಕೊಂಡಿರಿ. ಮುಖವಾಡದೊಳಗಿನ ತೊದಲು ಮಾತು, ಅರ್ಧ ಅಮಲು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಆಕೆ ನನ್ನನ್ನು ಎಬ್ಬಿಸಿದ್ದೂ ನಿಜ. ಮಗಳ ಮಾತೇ ಸರಿಯಿರಬೇಕು. ಆದರೆ ಮಗಳು ಆಕೆಯ ಕಾಲ ಬಳಿ ನಿಂತಿದ್ದಳು. ನಾನು ತಲೆಯ ಬಳಿ ಬಗ್ಗಿದ್ದೆ.

ನಾನು ಹಾಗೇ ಬಿಡುವವನಲ್ಲ. ಮರುದಿನ ವೇಟಿಂಗ್ ಹಾಲಿನ ಸೆಕ್ಯೂರಿಟಿಯವನ ಜೊತೆ ಚಹಾ ಕುಡಿದೆ. ಧೋತರದ ಮುದುಕ ನೆನಪಿದ್ದಾನಾ ಎಂದರೆ, "ಇಲ್ಲಿ ದಿನಾ ನೂರು ಮುದುಕರು ಬರ್ತಾರೆ ಸೇಟ್" ಎಂದು ಹಿಂದಿಯಲ್ಲಿ ನಕ್ಕ. ಮಾತಿಗೆ ಮಾತು ಬೆಳೆಸಿ, ಅವನ ಮೇಲಿನವನನ್ನು ಹಿಡಿದು, ಕ್ಯಾಮೆರಾದಲ್ಲಿ ಆ ಹೊತ್ತಿನ ದೃಶ್ಯ ಹಾಕಿಸಿ ನೋಡಿದೆ. ಕ್ಯಾಮೆರಾದ ಗಡಿಯಾರ ಕೆಟ್ಟಿತ್ತು, ಎಷ್ಟು ಗಂಟೆ ಎನ್ನುವುದು ಅಲ್ಲಿಯೂ ಸಿಗಲಿಲ್ಲ. ನಾನು ಕೂತಿರುವುದು ಕಾಣುತ್ತದೆ. ಪಕ್ಕದ ಕುರ್ಚಿ ಪೂರ್ತಿ ಕಂಬದ ಮರೆಯಲ್ಲಿ. ನನ್ನ ಬಲಗೈ ಮೇಲೆ ಏನೋ ಬಿಳಿಯದು ಇದೆ. ರುಮಾಲೋ, ಜಾರಿದ ಸ್ಕ್ಯಾನಿನ ಚೀಲವೋ, ಎಷ್ಟು ಸಲ ಹಿಂದೆಮುಂದೆ ಮಾಡಿದರೂ ಗೊತ್ತಾಗಲಿಲ್ಲ. ನನ್ನ ಮುಖ ಮಾತ್ರ ಸ್ಪಷ್ಟ. ನಾನು ನಗುತ್ತಿದ್ದೆ. ಕೊನೆಯಲ್ಲಿ ತುಟಿ ಅಲ್ಲಾಡುತ್ತದೆ. ಬೆರಳ ತುದಿ ದಪ್ಪವಿರುವ ಬೇರೆ ರೋಗಿ ಯಾರಾದರೂ ಆ ದಿನ ಇದ್ದರೇ ಎಂದು ಸರ್ಜನ್ನರನ್ನು ಕೇಳಿದೆ. "ಎದಿ ರೋಗದ ದವಾಖಾನಿ ಇದು ಯಜಮಾನ್ರ, ಹುಡುಕಿದ್ರ ಮಹಡಿಗೆ ನಾಲ್ಕು ಮಂದಿ ಸಿಗ್ತಾರ" ಎಂದರು. ಅದೂ ನಿಜವೇ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಯಾರಿಗೂ ಗೊತ್ತಿಲ್ಲ. ಮೊದಲು ಏಳು ತಾಸು ಎಂದು ಹೆದರಿದೆ, ರಾತ್ರಿ ಎಂಟೂವರೆ ದಾಟುವ ತನಕ ಐಸಿಯು ಬಾಗಿಲು ಬಿಡಲಿಲ್ಲ. ಆಮೇಲೆ ಏಳು ದಿನ. ಐದನೆಯ ದಿನವೇ ನಳಿಗೆ ತೆಗೆದು ಮನೆಗೆ ಹೋಗಿ ಎಂದರು. ಇನ್ನು ಮೂರು ದಿನ ಇಟ್ಟುಕೊಳ್ಳಿ ಎಂದು ನಾನೇ ಗೋಗರೆದೆ. ಬೇಗ ಬಿಡಿ ಎಂದು ಜಗಳವಾಡಬೇಕಾದ ಮನುಷ್ಯ! ಪರೀಕ್ಷೆಯ ಕಾಗದ ಬಂತು: ಸಾಧುವಾದ ಗಡ್ಡೆ, ಅಂಚೆಲ್ಲ ಚೊಕ್ಕ. ಎಲ್ಲರೂ ಪೇಡೆ ತಿಂದರು. ನಾನು ಏಳು ವಾರ ಎಣಿಸಿದೆ, ಏಳು ತಿಂಗಳು ಎಣಿಸಿದೆ. ಅಷ್ಟರಲ್ಲಿ ಶರಣಮ್ಮನ ಬೆರಳುಗಳು ಸಣ್ಣಗಾಗಿ ಮೊದಲಿನಂತಾದವು, ಉಗುರು ನೆಟ್ಟಗೆ ಬಂತು. ಗಡ್ಡೆ ಹೋದರೆ ಹಾಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೊಸ ಉಂಗುರ ಮಾಡಿಸಿಕೊಟ್ಟೆ. ಎಂಟನೆಯ ತಿಂಗಳು ಶುರುವಾದ ದಿನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದೆ. ಸಂಜೆ ಮನೆಗೆ ಬರುವಾಗ ಹೊಳೆಯಿತು, ಉಳಿದಿರುವುದು ಒಂದೇ ಏಳು ಎಂದು.

ಎರಡನೆಯ ವರ್ಷ ತಡೆಯಲಾಗದೆ ಆಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ತನಗೆ ಮುಖವಾಡದ ಮಾತು ಏನೂ ನೆನಪಿಲ್ಲ ಎಂದಳು. ಆಮೇಲೆ ಜೋರಾಗಿ ನಕ್ಕಳು.

"ನಿಮ್ಮ ಜೋಡಿ ಬಾಳೇವು ಮಾಡಿ ಮಾಡಿ ನನಗ ಗೊತ್ತಿತ್ತು, ಒಂದಿನ ನನ್ನೂ ಚೌಕಾಸಿ ಮಾಡ್ತೀರಿ ಅಂತ. ಅಲ್ರಿ, ಸಂತ್ಯಾಗ ಬದನೀಕಾಯಿ ತಗೊಳ್ಳೋ ಹೆಣ್ಮಕ್ಕಳು ಸುದ್ದಾ ಮೊದಲ ಮಾಲು ನೋಡ್ತಾರ. ಏನ್ ಮಾಲು ಅಂತ ಒಂದು ಮಾತು ಕೇಳಬಾರ್ದಿತ್ತೇನು?"

"ಕೇಳಲಿಲ್ಲ."

"ಆ ಏಳು ಬೆಲೀನೋ, ಇಲ್ಲಾ ಅದs ಮಾಲೋ?"

ಅದೇ ಪ್ರಶ್ನೆ. ನಾನು ಎರಡು ವರ್ಷ ಒಬ್ಬನೇ ಅಗಿದದ್ದನ್ನು ಆಕೆ ಒಂದು ಕ್ಷಣದಲ್ಲಿ ಹಿಡಿದಿದ್ದಳು. ಆ ಏಳು ನಾನು ಕೊಡಬೇಕಾದದ್ದಾಗಿದ್ದರೆ ಇಳಿಸಿದ್ದು ಲಾಭ. ಆ ಏಳು ಆಕೆಗೆ ಸಿಗಬೇಕಾದದ್ದಾಗಿದ್ದರೆ ನನ್ನ ಈ ಕೈಯೇ ಆಕೆಯ ನಾಲ್ಕು ವರ್ಷವನ್ನು ಕಡಿದುಹಾಕಿತು. ರುಮಾಲಿನ ಸೌದಾದಲ್ಲಿ ನಾನು ಕೊಳ್ಳುವವನಾಗಿದ್ದೆನೋ ಮಾರುವವನಾಗಿದ್ದೆನೋ, ಅದನ್ನೇ ನೋಡಿಕೊಳ್ಳಲಿಲ್ಲ. ಯಾವಾಗಲೂ ಕೊಳ್ಳುವವನೇ ಎಂದು ಕೈ ತಿಳಿದಿತ್ತು.

"ಮೊದಲ ಅಂವ ಎಷ್ಟು ಹಿಡದಿದ್ದ?" ಎಂದು ಕೇಳಿದಳು.

"ಹನ್ನೊಂದು."

ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಗಲೂ ಇಲ್ಲ. "ಹೋಗ್ಲಿ ಬಿಡ್ರಿ, ಯಾರೋ ಮುದುಕ" ಎಂದಳು. ಆ ಮಾತು ಮತ್ತೆ ಎಂದೂ ಎತ್ತಲಿಲ್ಲ. ಆದರೆ ಆ ವರ್ಷವೇ ಸುಜಾತಾಳ ಮಗಳಿಗೆಂದು ಕೌದಿ ಹೊಲಿಯಲು ಕೂತಳು. ಮಗುವಿಗೆ ಆಗ ಮೂರು ವರ್ಷ, ಕೌದಿ ಮದುವೆಗೆ ಕೊಡುವಂಥದು. ಈಗ್ಯಾಕೆ ಎಂದು ಸುಜಾತಾ ಕೇಳಿದಾಗ, "ಕೈ ಛಲೋ ಅದಾವ, ಅದಕ್ಕ" ಎಂದಳು. ನಾನು ಎದ್ದು ಹೊರಗೆ ಹೋದೆ.

ಈಗ ಏಳನೆಯ ವರ್ಷ ನಡೆದಿದೆ. ಪ್ರತಿವರ್ಷ ಸ್ಕ್ಯಾನ್ ಆಗುತ್ತದೆ, ಪ್ರತಿವರ್ಷ ಚೊಕ್ಕವಾಗಿ ಬರುತ್ತದೆ. ಕಳೆದ ಸಲ ಸರ್ಜನ್ನರು, ಇನ್ನು ಎರಡು ವರ್ಷಕ್ಕೊಮ್ಮೆ ಬಂದರೂ ಸಾಕು ಎಂದರು. ನಾನು ಆರು ತಿಂಗಳಿಗೊಮ್ಮೆ ಬರುತ್ತೇವೆ ಎಂದೆ. ಅವರಿಗೆ ಅಚ್ಚರಿಯಾಯಿತು. ಶರಣಮ್ಮ ಚುರುಕಾಗಿಯೇ ಇದ್ದಾಳೆ, ಮೆಟ್ಟಿಲು ನನಗಿಂತ ಮುಂಚೆ ಹತ್ತುತ್ತಾಳೆ, ಬೈಗುಳವೂ ಕಡಿಮೆಯಾಗಿಲ್ಲ. ಆಕೆ ರಾತ್ರಿ ಒಂದು ಸಲ ಕೆಮ್ಮಿದರೆ ನಾನು ಎದ್ದು ಕೂರುತ್ತೇನೆ. ಘಾಟು ಎಂದು ಹೇಳಿಕೊಳ್ಳಲು ಈಗ ಧೈರ್ಯವಿಲ್ಲ. ಮನೆಗೆ ಬರುವ ಮುಂಚೆ ಅಂಗಡಿಯಲ್ಲೇ ಅಂಗಿ ಬದಲಿಸುತ್ತೇನೆ.

ನೀವು ಓದಿದವರು, ಇದಕ್ಕೆ ಏನಾದರೂ ಹೇಳಬಹುದು. ಆ ದಿನದ ಆತಂಕಕ್ಕೆ ಮನಸ್ಸು ಕಟ್ಟಿದ ಕಥೆ ಎನ್ನಬಹುದು. ಹೌದು ಎನ್ನಲು ನಾನು ತಯಾರಿದ್ದೇನೆ, ನನ್ನ ಕೈ ಒಪ್ಪುತ್ತಿಲ್ಲ ಅಷ್ಟೇ. ಆ ದಪ್ಪ ಬೆರಳುಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದ್ದು ಅದಕ್ಕೆ ಗೊತ್ತಿದೆ.

ತಪಾಸಣೆಗೆ ಹೋದಾಗ ಶರಣಮ್ಮ ಸ್ಕ್ಯಾನಿಗೆ ಒಳಗೆ ಹೋದಮೇಲೆ ನಾನು ಮೂರನೆಯ ಮಹಡಿಗೆ ಹತ್ತಿ ಆ ಕಂಬದ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಮುಷ್ಟಿ ಮಡಚಿದ ಸೌದಾ ಮುರಿಯುವವನನ್ನು ಬಜಾರಿನಲ್ಲಿ ಯಾರೂ ಅಂಗಡಿ ಹತ್ತಿಸುವುದಿಲ್ಲ. ನಾನು ಮುರಿಯಲು ಸಿದ್ಧನಿದ್ದೇನೆ. ಆದರೆ ಅವನು ಬಂದು ಕೈ ಹಿಡಿದರೆ ಬೆರಳು ಏರಿಸಬೇಕೋ ಇಳಿಸಬೇಕೋ, ಅದು ನನಗೆ ಇನ್ನೂ ತಿಳಿದಿಲ್ಲ. ಕೈ ಚಾಚಿ ಕೂತಿರುತ್ತೇನೆ. ಇಲ್ಲಿಯ ತನಕ ಪಕ್ಕದಲ್ಲಿ ಬಂದು ಕೂತವರೆಲ್ಲ ಫೋನು ನೋಡುವವರೇ.